ಹೊಸಬರು ಬರುವ ತನಕ

ಶವಪೆಟ್ಟಿಗೆ ಬಾಗಿಲಲ್ಲಿ ಸಿಕ್ಕಿಕೊಂಡಿತು. ಬಡಗಿಯ ತಪ್ಪೇನೂ ಇರಲಿಲ್ಲ. ಗೌರವಕ್ಕೆಂದು ಗಾಯನವೃಂದದವರು ಹಾಕಿಸಿದ್ದ ಹಿತ್ತಾಳೆಯ ಹಿಡಿಗಳು ಎರಡೂ ಬದಿಗೆ ಚಾಚಿಕೊಂಡಿದ್ದವು. ಹೊರಗಿದ್ದವರು ಎಳೆದರು, ಒಳಗಿದ್ದವರು ತಳ್ಳಿದರು, ಚರ್ಚಿನ ಹಿರಿಯರು ಇಬ್ಬರಿಗೂ ಬುದ್ಧಿ ಹೇಳಿದರು.

‘ಸ್ವಲ್ಪ ಓರೆ ಮಾಡಿ,’ ಅಂದಳು ಮಗಳು. ‘ಅಪ್ಪ ಏನೂ ಅಂದ್ಕೊಳ್ಳಲ್ಲ.’

ಓರೆ ಮಾಡಿದರು. ಪೆಟ್ಟಿಗೆ ಬಾಗಿಲ ಚೌಕಟ್ಟಿನ ಬಣ್ಣವನ್ನು ಒಂದಿಷ್ಟು ಕೆರೆದುಕೊಂಡು ಬೀದಿಗೆ ಬಂತು. ಈ ಮನೆಯಿಂದ, ಅದನ್ನು ಕೊಟ್ಟ ಚರ್ಚಿನಿಂದ ಹೊರಬೀಳಬೇಕೆಂದು ಪೆಟ್ಟಿಗೆಯೊಳಗಿದ್ದ ಪಾಸ್ಟರು ಎಷ್ಟೋ ಸಲ ಯೋಚಿಸಿದ್ದುಂಟು. ಕೊನೆಗೂ ಆಗಿದ್ದು ಹೀಗೆ.

ಚರ್ಚಿನ ತನಕ ಹಿರಿಯರು ಮಗಳ ಪಕ್ಕದಲ್ಲೇ ನಡೆದರು. ಹಾರ್ಡ್‌ವೇರ್ ಅಂಗಡಿ ಇಟ್ಟವರು ಅವರು. ಮಾತನ್ನೂ ಮೊಳೆಯ ಹಾಗೆ ತೂಗಿಯೇ ಕೊಡುತ್ತಿದ್ದರು. ಮೊದಲು ಸೆಕೆಯ ವಿಚಾರ ಬಂತು, ಆಮೇಲೆ ಪಾಸ್ಟರ ತಾಳ್ಮೆಯ ವಿಚಾರ, ತಿರುವು ದಾಟಿದ ಮೇಲೆ ಗಾಯನವೃಂದದ್ದು.

‘ನೀನು ಮುಂದೆ ನಿಂತು ಹಾಡಿಸಿದ್ರೆ ಸಾಕಮ್ಮಾ. ಇವತ್ತೊಂದು ದಿನ. ಹೊಸಬರು ಬರೋ ತನಕ.’

‘ಇವತ್ತೊಂದು ದಿನಾನಾ, ಹೊಸಬರು ಬರೋ ತನಕಾನಾ, ಅಂಕಲ್?’

‘ಎರಡೂ ಒಂದೇ ಅಲ್ವೇನಮ್ಮಾ.’

ಅವಳು ಹಲ್ಲಿನ ಸೆಟ್ಟು ಮಾಡುವವಳು. ವೃಂದದ ಗಂಡಸರ ಸಾಲಿನಲ್ಲಿ ಅರ್ಧಕ್ಕರ್ಧ ಜನ ಅವಳು ಕಟ್ಟಿಕೊಟ್ಟ ಹಲ್ಲಿನಲ್ಲೇ ದೇವರನ್ನು ಸ್ತುತಿಸುತ್ತಿದ್ದರು. ಬಂದರಿನ ಊರಿನ ದೊಡ್ಡ ಲ್ಯಾಬೊಂದು ಅವಳಿಗೆ ಕೆಲಸ ಕೊಟ್ಟಿತ್ತು. ಅಪ್ಪನ ಕಾಯಿಲೆ ಎಂದು ಅವರು ಕಾದಿದ್ದರು. ಇನ್ನು ಕಾಯುವುದಿಲ್ಲ, ಸೋಮವಾರ ಬಂದರೆ ಬನ್ನಿ ಎಂದಿದ್ದರು. ಇದನ್ನೆಲ್ಲ ಅವಳು ಹಿರಿಯರಿಗೆ ಬಿಡಿಸಿ ಹೇಳಿದಳು. ಅವರು ಕೇಳಿಸಿಕೊಂಡರು. ಅಂದರೆ, ಅವಳ ಮಾತು ಮುಗಿಯುವ ತನಕ ಸುಮ್ಮನಿದ್ದರು.

*

ಅವಳ ಅಪ್ಪ ಈ ಚರ್ಚಿಗೆ ಮೊದಲು ಬಂದದ್ದು ಮೈಕ್ ಸರಿಮಾಡಲು. ಆಗ ಅವನು ರೇಡಿಯೊ ರಿಪೇರಿಯವನು. ಸ್ನೇಹಿತನೊಬ್ಬನ ಪಾಲುದಾರಿಕೆಯಲ್ಲಿ ಅಂಗಡಿ ಹಾಕಿ ಇನ್ನೂ ಬೋರ್ಡು ಬರೆಸಿರಲಿಲ್ಲ. ಅಂದು ಹಳೆಯ ಗಾಯನನಾಯಕರ ಅಂತ್ಯಸಂಸ್ಕಾರ. ಲೌಡ್‌ಸ್ಪೀಕರ್ ಕಿರುಚತೊಡಗಿತು. ವೃಂದದ ಹಿಂದೆ ಆಂಪ್ಲಿಫಯರ್ ಕಾಯುತ್ತಿದ್ದ ಪಾಲುದಾರನಿಗೆ ಕಾಣಲೆಂದು ಇವನು ಎದುರಿಗೆ ನಿಂತು, ಕಡಿಮೆ ಮಾಡು ಎಂದು ಕೈ ಎತ್ತಿದ.

ಕೈ ಎತ್ತುವವರಿಲ್ಲದೆ ಬಾಯಿ ತೆರೆದು ಅಭ್ಯಾಸವೇ ಇಲ್ಲದ ವೃಂದ ಕೂಡಲೇ ಹಾಡು ಶುರುಮಾಡಿತು.

ಅವನು ಗಾಬರಿಯಿಂದ ಕೈ ತಗ್ಗಿಸಿದ, ದನಿ ತಗ್ಗಿತು. ಮತ್ತೆ ಎತ್ತಿದ, ಏರಿತು. ಅಷ್ಟು ಗಂಟಲುಗಳೂ ತನ್ನ ಬೆರಳಿಗೆ ಕಟ್ಟಿದ ಹಾಗೆ ಇದ್ದವು. ಹಾಡು ಮುಗಿಯುವ ತನಕ ಅವನು ಅಲುಗಲಿಲ್ಲ. ಅವನಿಗೆ ಇಷ್ಟವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಮುಂದಿನ ಭಾನುವಾರಕ್ಕೂ ಕರೆದರು, ಹೊಸಬರು ಬರುವ ತನಕ ಎಂದು. ಆಮೇಲೆ ಆಗಿನ ಪಾಸ್ಟರಿಗೆ ವರ್ಗವಾಯಿತು. ಹೇಗೂ ಮುಂದೆ ನಿಲ್ಲುತ್ತೀಯಲ್ಲ, ನಾಲ್ಕು ಮಾತೂ ಆಡಿಬಿಡು ಎಂದರು. ಮೇಲಿನವರು ಹೊಸ ಪಾಸ್ಟರನ್ನು ಹುಡುಕುತ್ತಿದ್ದರು. ಇವತ್ತಿಗೂ ಹುಡುಕುತ್ತಿದ್ದಾರೆಂದೇ ಲೆಕ್ಕ. ಕೊನೆಗೆ ಅವನಿಗೇ ದೀಕ್ಷೆ ಕೊಟ್ಟರು, ಮನೆ ಕೊಟ್ಟರು, ಹೆಂಗಸರ ಸಾಲಿನಿಂದ ಹೆಣ್ಣು ಕೊಟ್ಟರು. ಅಂಗಡಿ ಪಾಲುದಾರನ ಹೆಸರಿಗೆ ಹೋಯಿತು.

ರೇಡಿಯೊ ಮಾತ್ರ ಬಿಡಲಿಲ್ಲ. ಬೋಧನಾಪೀಠದ ಒಳಗೂಡಿನಲ್ಲಿ ಬೆಸುಗೆಯ ಕಡ್ಡಿ ಇಟ್ಟುಕೊಂಡು, ಹಿರಿಯರು ಕಣ್ಣು ಮುಚ್ಚಿ ಉದ್ದನೆಯ ಪ್ರಾರ್ಥನೆಗೆ ಇಳಿದಾಗ ಒಂದೆರಡು ತಂತಿ ಬೆಸೆಯುತ್ತಿದ್ದ. ಆ ಹೊಗೆಯ ವಾಸನೆ ಬಂದಾಗಲೆಲ್ಲ ಪವಿತ್ರಾತ್ಮ ಇಳಿದು ಬಂತೆಂದು ಮುಂದಿನ ಬೆಂಚಿನ ಅಜ್ಜಿಯರು ಕಣ್ಣೊರೆಸಿಕೊಳ್ಳುತ್ತಿದ್ದರು.

*

ಕಾಯಿಲೆ ಬಿದ್ದ ಮೇಲೆ ಬಲಗೈ ಭುಜದಿಂದ ಮೇಲೇಳುತ್ತಿರಲಿಲ್ಲ. ಮಗಳು ಅದಕ್ಕೆ ಎಣ್ಣೆ ತಿಕ್ಕುತ್ತಿದ್ದಾಗ ಒಂದು ಸಂಜೆ ಅಪ್ಪ ಹೇಳಿದ್ದರು:

‘ನನ್ನ ಮಣ್ಣಿನ ದಿನ ನೀನು ಸುಮ್ಮನೆ ಬೆಂಚಲ್ಲಿ ಕೂತ್ಕೋ. ಅಳು ಬಂದ್ರೆ ಅಳು. ಕೈ ಮಾತ್ರ ಎತ್ತಬೇಡ. ಎತ್ತಿದ್ರೆ ಇಳಿಸೋಕೆ ಬಿಡಲ್ಲ ಇವರು.’

‘ಕೆಟ್ಟದಾಗಿ ಹಾಡ್ತಾರೆ ಅಪ್ಪಾ.’

‘ಹಾಡ್ಕೊಳ್ಲಿ. ನನಗೇನು ಕೇಳಿಸುತ್ತಾ?’

ಎಣ್ಣೆ ಹಚ್ಚಿದ ಕೈಯ ಬೆರಳಿನಿಂದ ಹಾಸಿಗೆಯ ಮೇಲೆ ತಾಳ ಹಾಕಿದರು. ‘ಎರಡನೇ ಚರಣದಲ್ಲಿ ಹೆಂಗಸರು ಓಡ್ತಾರೆ,’ ಅಂದರು.

*

ಅವಳು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಪಕ್ಕದ ಊರಿನಿಂದ ಬಂದ ಪಾಸ್ಟರು ಓದುವುದನ್ನು ಓದಿ, ಹಾಡಿಗೆ ಎಂದು ಬದಿಗೆ ಸರಿದರು. ವೃಂದ ಎದ್ದು ನಿಂತಿತು. ಎದುರಿನ ಜಾಗ ಖಾಲಿ. ಎಲ್ಲರ ಕಣ್ಣೂ ಅವಳ ಮೇಲೆ. ಅವಳು ನೆಲ ನೋಡಿದಳು.

ತಡೆಯಲಾಗದೆ ಗಂಡಸರ ಸಾಲಿನಲ್ಲಿದ್ದ ಪೋಸ್ಟ್‌ಮ್ಯಾನ್ ಶುರುಮಾಡಿದ, ಬಾವಿಯ ಒಳಗಿಂದ ಕೂಗಿದಷ್ಟು ಕೆಳಗಿನ ಶ್ರುತಿಯಲ್ಲಿ. ಉಳಿದವರು ತಮಗೆ ಅನುಕೂಲವಾದಲ್ಲಿ ಹತ್ತಿಕೊಂಡರು. ಯಾರದೋ ಸಡಿಲ ಹಲ್ಲು ಟಕ್ಕೆಂದಿತು. ಯಾರದೆಂದು ಅವಳಿಗೆ ಗೊತ್ತಿತ್ತು. ಎರಡನೆಯ ಚರಣದಲ್ಲಿ ಹೆಂಗಸರು ಓಡಿದರು. ಗಂಡಸರು ಹಿಂದೆ ಉಳಿದು, ಬಸ್ಸು ತಪ್ಪಿದವರ ಹಾಗೆ ನಿಂತುಬಿಟ್ಟರು.

ಪಕ್ಕದಲ್ಲಿದ್ದ ಸೋದರತ್ತೆ ಅವಳ ಕಿವಿಯ ಹತ್ತಿರ ಬಾಗಿದಳು. ‘ಇದನ್ನ ಕೇಳ್ಕೊಂಡೂ ನಿಮ್ಮಪ್ಪ ಎದ್ದು ಕೂರಲಿಲ್ಲ ಅಂದ್ರೆ, ನಿಜವಾಗ್ಲೂ ಹೋಗಿದ್ದಾನೆ ಕಣೇ.’

ಆಗ ಅವಳಿಗೆ ಅಳು ಬಂತು. ಅಪ್ಪ ಹೇಳಿದ ಹಾಗೆ ಅತ್ತಳು. ಆದರೆ ಕಿವಿ ಮುಚ್ಚಿಕೊಳ್ಳುವುದು ಹೇಗೆಂದು ಅಪ್ಪ ಹೇಳಿಕೊಟ್ಟಿರಲಿಲ್ಲ, ಅವರಿಗೇ ಬರುತ್ತಿರಲಿಲ್ಲ. ಮೂರನೆಯ ಚರಣ ಇನ್ನೂ ಕೆಳಗೆ ಇಳಿದಾಗ ಅವಳು ಎದ್ದಳು. ಪೆಟ್ಟಿಗೆಯನ್ನು ಬಳಸಿಕೊಂಡು ಮುಂದೆ ಹೋಗಿ, ಹಾಡು ನಿಲ್ಲಿಸಿ, ಶ್ರುತಿಯನ್ನು ಗುನುಗಿ ಕೊಟ್ಟು, ಕೈ ಎತ್ತಿದಳು.

ಹಾಡಿದರು. ಆ ಚರ್ಚಿನಲ್ಲಿ ಅಷ್ಟು ಚೆನ್ನಾಗಿ ಹಾಡಿದ್ದು ಯಾರಿಗೂ ನೆನಪಿರಲಿಲ್ಲ. ಹೆಂಗಸರು ಕಾದರು, ಗಂಡಸರು ತಲುಪಿದರು. ಪಕ್ಕದ ಊರಿನ ಪಾಸ್ಟರು ಮುಖ ತಿರುಗಿಸಿ ಮೂಗು ಒರೆಸಿಕೊಂಡರು. ಕೊನೆಯ ಪ್ರಾರ್ಥನೆಯಲ್ಲಿ ಹಿರಿಯರು ಅಗಲಿದವರಿಗಾಗಿಯೂ ಒದಗಿದವರಿಗಾಗಿಯೂ ದೇವರಿಗೆ ವಂದನೆ ಸಲ್ಲಿಸಿ, ಬುಧವಾರದ ಅಭ್ಯಾಸ ಎಂದಿನಂತೆ ಆರೂವರೆಗೆ ಎಂಬುದನ್ನೂ ದೇವರ ಗಮನಕ್ಕೆ ತಂದರು.

ಮಣ್ಣು ಹಾಕಿದ ಮೇಲೆ ಸಮಾಧಾನ ಹೇಳುವವರ ಸಾಲು ನಿಂತಿತು. ಸೋಮವಾರ ಹೊರಡುತ್ತಿದ್ದೇನೆ ಎಂದು ಅವಳು ಒಬ್ಬೊಬ್ಬರಿಗೂ ಹೇಳಿದಳು. ಒಬ್ಬರೂ ಬೇಡವೆನ್ನಲಿಲ್ಲ. ‘ಹೋಗಿ ಬಾಮ್ಮಾ,’ ಎಂದರು ಎಲ್ಲರೂ.

ಸಾಲಿನ ಕೊನೆಯಲ್ಲಿದ್ದವಳು ವೃಂದದ ನಿಲುವಂಗಿಗಳನ್ನು ಹೊಲಿಯುವ ದರ್ಜಿ ಹೆಂಗಸು. ಅವಳು ಮಗಳನ್ನು ಗಟ್ಟಿಯಾಗಿ ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅದು ನಿಜವಾದ ಅಳುವೇ, ಮಗಳ ಕತ್ತು ಒದ್ದೆಯಾಯಿತು. ಮಗಳ ಬೆನ್ನ ಮೇಲೆ ದರ್ಜಿಯ ಕೈ ಮಾತ್ರ ಅಗಲವಾಗಿ ಬಿಚ್ಚಿಕೊಂಡು, ಒಂದು ಭುಜದಿಂದ ಇನ್ನೊಂದು ಭುಜದ ತನಕ ಗೇಣು ಗೇಣಾಗಿ ಸರಿಯಿತು. ತುದಿ ಮುಟ್ಟಿದಲ್ಲಿ ಹೆಬ್ಬೆರಳು, ಸೀಮೆಸುಣ್ಣದಿಂದ ಗುರುತು ಹಾಕುವ ಹಾಗೆ, ಒಮ್ಮೆ ಒತ್ತಿ ನಿಂತಿತು.