ಗಗನಕೇತುವಿನ ಕೆಂಪು ಬಟ್ಟೆ

ಫೆಬ್ರವರಿ ಹನ್ನೊಂದು, ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಬಸ್ಸಿನಿಂದ ಇಳಿದು ರಸ್ತೆ ದಾಟಿ ಮಾವನ ಅಂಗಡಿಯ ಮೆಟ್ಟಿಲ ಬಳಿ ನಿಂತಾಗ, ಒಳಬಾಗಿಲಿನ ಕೆಂಪು ಪರದೆ ಎಂದಿನಂತೆ ಗಾಳಿಗೆ ಆಡುತ್ತಿತ್ತು. ಬಾಗಿಲಿನ ಅರ್ಧಕ್ಕೇ ಮುಗಿದುಹೋಗುತ್ತಿದ್ದ ಗಿಡ್ಡ ಪರದೆ ಅದು. ಅದರ ಕೆಳಗೆ, ಒಳಕೋಣೆಯಲ್ಲಿ ನಿಂತವರ ಕಾಲುಗಳು ಕಾಣುತ್ತಿದ್ದವು. ಅಷ್ಟೊಂದು ಕಾಲುಗಳಲ್ಲಿ ಮಾವನ ಕಾಲು ಇರಲಿಲ್ಲ.

ನನ್ನ ಕೈಯಲ್ಲಿ ಸುರುಳಿ ಸುತ್ತಿದ ಒಂದು ಗ್ರಾಫ್ ಹಾಳೆ ಇತ್ತು. ಅದನ್ನು ಅವನಿಗೆ ತೋರಿಸಲೆಂದೇ ನಾನು ಬಂದಿದ್ದೆ.

ತಿಪ್ಪೇಸ್ವಾಮಿ ಮಾವ ನನ್ನ ತಾಯಿಯ ತಮ್ಮ. ಮದುವೆಯಾಗಿರಲಿಲ್ಲ. ಬಸ್ ನಿಲ್ದಾಣದ ಎದುರು ಪುಸ್ತಕಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಇಟ್ಟುಕೊಂಡಿದ್ದ. ಕಾದಂಬರಿಗಳಿಗೆ ಒಂದು ಗೋಡೆ, ವಾರಪತ್ರಿಕೆಗಳಿಗೆ ಒಂದು ಗೋಡೆ, ಉಳಿದದ್ದೆಲ್ಲ ಚಿತ್ರಕತೆಗಳು. ಅದರಲ್ಲೂ ತಿಂಗಳಿಗೊಮ್ಮೆ ಬರುತ್ತಿದ್ದ ಗಗನಕೇತುವಿನ ಸಂಚಿಕೆಗಳು. ಗಗನಕೇತು ಹಗಲಿನಲ್ಲಿ ಒಂದು ಗೋದಾಮಿನ ಗುಮಾಸ್ತ. ಕಷ್ಟದಲ್ಲಿದ್ದವರ ಕೂಗು ಕೇಳಿದೊಡನೆ ಹೆಗಲಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ಆಕಾಶಕ್ಕೆ ನೆಗೆಯುತ್ತಿದ್ದ. ಹುಡುಗರು ಓದಿ ಮರೆಯುತ್ತಿದ್ದ ಈ ಕತೆಗಳನ್ನು ಐವತ್ತು ದಾಟಿದ ಮಾವ ಕೋರ್ಟಿನ ಕಡತದಂತೆ ವಿಚಾರಿಸುತ್ತಿದ್ದ.

"ಮುಖವಾಡಾನೇ ಇಲ್ಲ ಅವನಿಗೆ. ಆದ್ರೂ ಯಾರೂ ಗುರುತು ಹಿಡಿಯಲ್ಲ. ಯಾಕೆ ಹೇಳು?" ಎಂದು ಕೇಳುತ್ತಿದ್ದ.

"ಚಿತ್ರ ಬರೆಯೋರು ಯೋಚನೆ ಮಾಡಿಲ್ಲ, ಅದಕ್ಕೆ."

"ಅಲ್ಲ ಕಣಮ್ಮ ಪ್ರೊಫೆಸರಮ್ಮ. ಗುಮಾಸ್ತನ ಮುಖಾನ ಯಾರಾದ್ರೂ ಸರಿಯಾಗಿ ನೋಡಿರ್ತಾರಾ? ನೋಡಿದ್ರೆ ತಾನೆ ಗುರುತು ಹಿಡಿಯೋದು?"

ಖಳನಾಯಕ ಕಾಲಕಂಟಕ ತನ್ನ ಸಂಚನ್ನೆಲ್ಲ ಗಗನಕೇತುವಿಗೇ ಬಿಡಿಸಿ ಹೇಳುವುದು ಮೂರ್ಖತನವಲ್ಲ ಎಂಬುದು ಅವನ ಇನ್ನೊಂದು ವಾದ. ಕಾಲಕಂಟಕನಿಗೆ ಮಾತಾಡಲು ಬೇರೆ ಯಾರಿದ್ದಾರೆ? ಮನೆಯಿಲ್ಲ, ಹೆಂಡತಿಯಿಲ್ಲ, ಇರುವ ಸೇವಕರು 'ಆಗಲಿ ಪ್ರಭು' ಎನ್ನುವುದಷ್ಟೇ ಕಲಿತವರು. "ಪಾಪ, ಒಂದು ಮಾತು ಕೇಳೋನು ಅಂದ್ರೆ ಇವನೊಬ್ಬನೇ" ಎಂದು ಮಾವ ಖಳನ ಪರವಾಗಿ ನಿಟ್ಟುಸಿರು ಬಿಡುತ್ತಿದ್ದ.

ಜಲಮಾಲಿನಿಯ ಬಗ್ಗೆ ಮಾತ್ರ ಅವನಿಗೆ ಕನಿಕರವಿರಲಿಲ್ಲ. ನೀರೊಳಗೂ ಉಸಿರಾಡಬಲ್ಲ ಆ ನಾಯಕಿಯನ್ನು ಮೆಚ್ಚಿದ್ದವನು ನಾಗೇಂದ್ರ. ಅಂಗಡಿಗೆ ದಿನವೂ ಬರುತ್ತಿದ್ದ, ಪಾಲಿಟೆಕ್ನಿಕ್ ಓದುತ್ತಿದ್ದ ಉದ್ದನೆಯ ಯುವಕ.

"ನೀರಲ್ಲಿ ಉಸಿರಾಡೋಳು ನೀರಿಗೆ ಹಾರೋದರಲ್ಲಿ ಏನು ಧೈರ್ಯ ಇದೆ ಮಾರಾಯ? ಮೀನಿಗೆ ಯಾರಾದ್ರೂ ಪದಕ ಕೊಡ್ತಾರಾ?" ಎಂದು ಮಾವ ಕೆಣಕುತ್ತಿದ್ದ.

"ನಿಮಗೆ ಹೊಟ್ಟೆಕಿಚ್ಚು ತಿಪ್ಪೇಶಣ್ಣ. ಊರಲ್ಲಿ ಈಜೋನು ನೀವೊಬ್ಬರೇ ಅಂದ್ಕೊಂಡಿದ್ದೀರ" ಎಂದು ನಾಗೇಂದ್ರ ನಗುತ್ತಿದ್ದ. ಪರದೆಯನ್ನೂ ಅವನು ಬಿಡುತ್ತಿರಲಿಲ್ಲ. "ಇದು ವರ್ಷ ವರ್ಷಕ್ಕೂ ಮೇಲೆ ಹೋಗ್ತಾ ಇದೆಯಲ್ಲ. ಕರವಸ್ತ್ರ ಆಗೋದ್ರೊಳಗೆ ಬೇರೆ ಹಾಕಿಸಿ."

"ಇಲಿ ಕಡೀತದೆ" ಎನ್ನುತ್ತಿದ್ದ ಮಾವ, ತಲೆ ಎತ್ತದೆ.

ಈಜಿನ ಮಾತು ಸುಳ್ಳಲ್ಲ. ಊರಾಚೆ ಕಲ್ಲು ಒಡೆದು ಕೈಬಿಟ್ಟ ಕ್ವಾರಿಯೊಂದಿತ್ತು. ಅದರ ತುಂಬ ನೀರು ನಿಂತು, ಆಳವೆಷ್ಟೆಂದು ಯಾರಿಗೂ ತಿಳಿದಿರಲಿಲ್ಲ. ಬಟ್ಟೆ ಒಗೆಯಲು ಹೋದವರು, ಸೆಕೆಗೆ ಮೀಯಲು ಇಳಿದವರು ಅಲ್ಲಿ ಜಾರುತ್ತಿದ್ದರು. ಯಾರಾದರೂ ಬಿದ್ದರೆ ಜನ ಓಡಿ ಬರುತ್ತಿದ್ದದ್ದು ಮಾವನ ಅಂಗಡಿಗೆ. ಅವನು ಸೈಕಲ್ ಹತ್ತಿ ಹೋಗುತ್ತಿದ್ದ. ಯಾರೂ ಅವನನ್ನು ಆ ಕೆಲಸಕ್ಕೆ ನೇಮಿಸಿರಲಿಲ್ಲ. ಹೋಗಿ ಬಂದ ಮೇಲೆ ಅದರ ಬಗ್ಗೆ ಮಾತಾಡುತ್ತಲೂ ಇರಲಿಲ್ಲ. ಒದ್ದೆ ತಲೆಯಲ್ಲೇ ಕುಳಿತು ಗಗನಕೇತುವಿನ ಹಳೆಯ ಸಂಚಿಕೆ ತೆರೆಯುತ್ತಿದ್ದ.

ನಾನು ಭೌತಶಾಸ್ತ್ರ ಓದುತ್ತಿದ್ದ ಎರಡನೆಯ ವರ್ಷದ ರಜೆಯಲ್ಲಿ ಅವನು ತನ್ನ ದೊಡ್ಡ ಸಿದ್ಧಾಂತವನ್ನು ನನ್ನ ಮುಂದಿಟ್ಟ. ಗಗನಕೇತುವಿನ ಹೆಗಲ ಬಟ್ಟೆ ಹಾರುವುದಕ್ಕಲ್ಲ ಎಂದ.

"ಮತ್ತೆ ಅಂದಕ್ಕಾ?"

"ಅಂದಕ್ಕೆ ಆಗಿದ್ರೆ ಅಷ್ಟೇ ಉದ್ದ ಇರ್ತಿತ್ತು. ಮೊದಲನೇ ಸಂಚಿಕೆಯಲ್ಲಿ ಹಿಮ್ಮಡಿವರೆಗೆ ಇದೆ. ಈಗ ನೋಡು, ಮೊಣಕಾಲಿಗೂ ಬರಲ್ಲ. ಯಾರೂ ಗಮನಿಸಿಲ್ಲ. ಅವನು ಹರಿದು ಕೊಡ್ತಾ ಇದಾನೆ."

"ಯಾರಿಗೆ?"

"ಅವನು ತಡವಾಗಿ ಹೋಗಿ ಉಳಿಸೋಕೆ ಆಗದೋರಿಗೆ. ಮುಖ ಮುಚ್ಚಬೇಕಲ್ಲ."

ನಾನು ನಕ್ಕೆ. ಗಗನಕೇತು ಎಂದೂ ತಡವಾಗಿ ಹೋದದ್ದಿಲ್ಲ, ಒಂದು ಸಂಚಿಕೆಯಲ್ಲಿಯೂ ಇಲ್ಲ ಎಂದೆ.

"ತಿಂಗಳಿಗೆ ಒಂದೇ ಪುಸ್ತಕ ಬರೋದು" ಎಂದ ಮಾವ. "ಉಳಿದ ದಿನ ಅವನು ಏನು ಮಾಡ್ತಿರ್ತಾನೆ? ಹೊತ್ತಿಗೆ ಸರಿಯಾಗಿ ಮುಟ್ಟಿದ ದಿನದ್ದು ಮಾತ್ರ ಅಚ್ಚಾಗ್ತದೆ ಕಣಮ್ಮ. ಮಿಕ್ಕಿದ್ದು ಯಾರು ಕೊಂಡ್ಕೊಂಡು ಓದ್ತಾರೆ?"

ಇದು ನನಗೆ ಅಳೆದು ನೋಡಬಹುದಾದ ಪ್ರಶ್ನೆಯಾಗಿ ಕಂಡಿತು. ಗಗನಕೇತು ನೇರವಾಗಿ ನಿಂತಿರುವ ಚಿತ್ರಗಳನ್ನು ಮಾತ್ರ ಆರಿಸಿಕೊಂಡೆ. ಅವನ ಎತ್ತರವನ್ನೂ ಬಟ್ಟೆಯ ಉದ್ದವನ್ನೂ ಡಿವೈಡರಿನಿಂದ ಅಳೆದು, ಒಂದನ್ನು ಇನ್ನೊಂದರಿಂದ ಭಾಗಿಸಿ ಗ್ರಾಫಿನ ಮೇಲೆ ಚುಕ್ಕಿ ಹಾಕುತ್ತ ಹೋದೆ. ಮಾವ ಹೇಳಿದ್ದು ನಿಜ. ಚುಕ್ಕಿಗಳು ಕೆಳಗಿಳಿಯುತ್ತಿದ್ದವು. ಮೂಲೆಯ ಸಹಿ ನೋಡಿದರೆ ಚಿತ್ರಕಾರರು ಬದಲಾಗಿದ್ದರು. ಹೊಸಬರು ಬೇಗ ಬರೆದು ಮುಗಿಸಲು ಬಟ್ಟೆಯನ್ನು ಮೊಟಕು ಮಾಡಿರಬೇಕು ಎಂದು ನಾನು ವಾದಿಸಿದೆ. ಮಾವ ಗ್ರಾಫನ್ನು ಬಹಳ ಹೊತ್ತು ನೋಡಿ, "ಇಳಿಜಾರು ಚೆನ್ನಾಗಿ ಬಂದಿದೆ" ಎಂದಷ್ಟೇ ಹೇಳಿದ.

ಮುಂದಿನ ಜನವರಿಯಲ್ಲಿ ನಾನು ಮತ್ತೆ ಊರಿಗೆ ಬಂದಿದ್ದಾಗ, ಮಧ್ಯಾಹ್ನದ ಹೊತ್ತಿಗೆ ಒಬ್ಬ ಹೋಟೆಲ್ ಮಾಲೀಕ ಏದುಸಿರು ಬಿಡುತ್ತ ಅಂಗಡಿಗೆ ಬಂದ. ಕ್ವಾರಿಯಲ್ಲಿ ಯಾರೋ ಮುಳುಗಿದ್ದಾರೆ ಎಂದ. ಮಾವ ಎದ್ದವನು ನೇರ ಹೊರಗೆ ಹೋಗಲಿಲ್ಲ. ಮೇಜಿನ ಕತ್ತರಿ ತೆಗೆದು, ಪರದೆಯ ಕೆಳಗಿನ ಅಂಚಿನಿಂದ ಒಂದು ತುಂಡು ಸರ್ರನೆ ಕತ್ತರಿಸಿ, ಜೇಬಿಗೆ ತುರುಕಿಕೊಂಡು ಸೈಕಲ್ ಹತ್ತಿದ. ಅಷ್ಟೆಲ್ಲಕ್ಕೂ ಹಿಡಿದದ್ದು ಬಹಳ ಕಡಿಮೆ ಸಮಯ, ಕೈಗೆ ಅಭ್ಯಾಸವಿತ್ತು.

ಪರದೆಯ ಹೊಸ ಅಂಚು ತುಯ್ದಾಡುತ್ತಿತ್ತು. ಅಂಗಡಿಯಲ್ಲಿ ನಾನೊಬ್ಬಳೇ ಅದನ್ನು ನೋಡುತ್ತ ಕುಳಿತೆ. ಮುದ್ರಿತ ಚಿತ್ರದ ಬಟ್ಟೆಯನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆದವಳಿಗೆ ಈ ಬಟ್ಟೆ ಕಣ್ಣಿಗೆ ಬಿದ್ದೇ ಇರಲಿಲ್ಲ.

ಮುಳುಗಿದ್ದವನು ನಾಗೇಂದ್ರ. ಗೆಳೆಯರ ಜೊತೆ ಈಜಲು ಹೋಗಿದ್ದನಂತೆ.

ಸಂಜೆ ಮಾವ ಬಂದಾಗ ಜೇಬು ಖಾಲಿಯಿತ್ತು. ಅವನು ಒದ್ದೆ ಬಟ್ಟೆ ಬದಲಿಸಲಿಲ್ಲ, ಪುಸ್ತಕವನ್ನೂ ತೆರೆಯಲಿಲ್ಲ. ನಾಗೇಂದ್ರ ಹಿಂದಿನ ದಿನ ವಾಪಸು ಕೊಟ್ಟಿದ್ದ ಜಲಮಾಲಿನಿಯ ಸಂಚಿಕೆ ಮೇಜಿನ ಮೇಲೆಯೇ ಇತ್ತು.

"ನಾನು ಹೋದಾಗಲೆಲ್ಲ ತಡವೇ" ಎಂದ.

ಹಾಗನ್ನಬೇಡ, ಉಳಿಸಿದವರೂ ಇದ್ದಾರಲ್ಲ, ಅಮ್ಮ ಹೇಳುತ್ತಾಳೆ ಎಂದೆ.

"ಅವರು ಉಳೀತಿದ್ರು ಬಿಡು. ಅವರಿಗೆ ಆಯುಸ್ಸು ಇತ್ತು. ನಾನು ಹೋಗದಿದ್ರೂ ಇನ್ಯಾರಾದ್ರೂ ಎಳೀತಿದ್ರು." ನನ್ನ ಕಡೆ ತಿರುಗಿದ. "ನಿನ್ನ ಗ್ರಾಫಲ್ಲಿ ಒಂದು ನೋಡ್ತೀಯಾ? ಬಟ್ಟೆ ಒಂದು ಸಲನಾದ್ರೂ ಉದ್ದ ಆಗಿದೆಯಾ? ಬೇಡ, ಉದ್ದ ಬೇಡ. ಕಡಿಮೆಯಾಗದೆ ನಿಂತಿದ್ದಾದ್ರೂ ಇದೆಯಾ?"

"ಯಾಕೆ ಮಾವ?"

"ಹಾಗೇನಾದ್ರೂ ಇದ್ರೆ ಇನ್ನೊಂದು ಸಲ ಕರೆದಾಗ ಹೋಗೋಣ ಅಂತ. ಇಲ್ಲದಿದ್ರೆ ನನ್ನ ಕೈಲಿ ಆಗಲ್ಲ ಕಣಮ್ಮ. ಆ ಹುಡುಗನ ಮುಖಾನೂ ನಾನೇ ಮುಚ್ಚಿದೆ."

ಅವನು ತಮಾಷೆ ಮಾಡುತ್ತಿರಲಿಲ್ಲ. ನಾನು ಹಳೆಯ ಸಂಚಿಕೆಗಳ ಕಟ್ಟನ್ನೆಲ್ಲ ಹೊತ್ತು ಹಾಸ್ಟೆಲಿಗೆ ಮರಳಿದೆ.

ಪ್ರತಿ ಸಂಚಿಕೆಯನ್ನೂ ಹೊಸದಾಗಿ ಅಳೆದೆ. ಬಾಗಿ ನಿಂತ ಚಿತ್ರಗಳನ್ನೂ ಕೋನದ ತಿದ್ದುಪಡಿ ಮಾಡಿ ಸೇರಿಸಿಕೊಂಡೆ. ಒಂದೆರಡು ಕಡೆ ಚುಕ್ಕಿ ಮೇಲೇರಿದಂತೆ ಕಂಡರೂ, ಅದು ನನ್ನ ಅಳತೆಯ ತಪ್ಪಿನ ಮಿತಿಯೊಳಗೇ ಇತ್ತು. ಇದೆ ಎಂದು ಸುಳ್ಳು ಹೇಳಿದರೆ ಮಾವ ಸಂಚಿಕೆ ತೆರೆದು ನೋಡಿಬಿಡುತ್ತಿದ್ದ. ಆದರೆ ಅಳೆಯುತ್ತ ಅಳೆಯುತ್ತ ನನಗೆ ಬೇರೊಂದು ಹೊಳೆಯಿತು. ಪುಸ್ತಕಗಳಲ್ಲಿ ಹೊತ್ತಿಗೆ ಮುಟ್ಟಿದ ದಿನಗಳು ಮಾತ್ರ ಅಚ್ಚಾಗುತ್ತವೆ ಎಂದು ಮಾವ ಹೇಳಿದ್ದ. ಅವನು ತನ್ನ ಮನಸ್ಸಿನಲ್ಲಿ ಅಚ್ಚು ಹಾಕಿಕೊಳ್ಳುತ್ತಿದ್ದದ್ದು ತಡವಾದ ದಿನಗಳನ್ನು ಮಾತ್ರ. ಎರಡೂ ಅರ್ಧ ಲೆಕ್ಕ. ಅರ್ಧ ಲೆಕ್ಕದಿಂದ ಯಾವ ತೀರ್ಮಾನಕ್ಕೂ ಬರಬಾರದೆಂದು ನಮಗೆ ಪ್ರಯೋಗಶಾಲೆಯಲ್ಲಿ ಮೊದಲ ವಾರವೇ ಕಲಿಸಿದ್ದರು. ಮಾವ ಕತ್ತರಿ ಹಾಕುತ್ತಿದ್ದದ್ದು ಅಂಗಡಿ ಬಿಡುವ ಮೊದಲು. ಆಗ ಅವನಿಗೆ ಗೊತ್ತಿರುತ್ತಿದ್ದದ್ದು ಯಾರೋ ಬಿದ್ದಿದ್ದಾರೆ ಎಂಬುದಷ್ಟೇ. ಹಾಗಿದ್ದ ಮೇಲೆ ಆ ಪರದೆಯ ಗಿಡ್ಡತನದಲ್ಲಿ ಬದುಕಿದವರ ಪಾಲೂ ಇರಲೇಬೇಕು.

ಇದನ್ನು ಕಾಗದದಲ್ಲಿ ಬರೆಯುವುದಕ್ಕಿಂತ ಎದುರು ಕೂತು ಹೇಳಬೇಕೆನಿಸಿತು. ಅವನು ವಾದಿಸುತ್ತಾನೆ, ನಾನು ಉತ್ತರ ಕೊಡಬೇಕಾಗುತ್ತದೆ. ಫೆಬ್ರವರಿ ಹನ್ನೊಂದರ ಮೊದಲ ಬಸ್ ಹತ್ತಿದೆ.

ಆ ಬಸ್ಸಿನ ಕಂಡಕ್ಟರ್ ಓಬಳೇಶ. ವರ್ಷಗಳಿಂದ ನನ್ನ ಕಾಲೇಜಿನ ಓಡಾಟವೆಲ್ಲ ಅವನ ಬಸ್ಸಿನಲ್ಲೇ. ಕಾಲರ್ ಬೆವರಿಗೆ ಕೊಳೆಯಾಗದಂತೆ ಕತ್ತಿನ ಹಿಂದೆ ಮಾಸಿದ ಬಟ್ಟೆಯೊಂದನ್ನು ಮಡಿಸಿ ಇಟ್ಟುಕೊಳ್ಳುತ್ತಿದ್ದ. "ಏನಕ್ಕಾ, ಈ ಸಲ ರಜೆಗೆ ಮೊದಲೇ ಹೊರಟಿದ್ದೀರ" ಎಂದ. ಮಾವನಿಗೆ ಒಂದು ವಿಷಯ ಹೇಳುವುದಿದೆ ಎಂದೆ. "ತಿಪ್ಪೇಶಣ್ಣಂಗಾ? ಹಾಗಾದ್ರೆ ಅಂಗಡಿ ಮುಂದೇನೇ ಇಳಿಸ್ತೀನಿ" ಎಂದು ನಕ್ಕ.

ಅಂಗಡಿಯ ಮೆಟ್ಟಿಲು ಹತ್ತಿ, ಪರದೆ ಸರಿಸಿ ಒಳಹೊಕ್ಕೆ. ಮಾವನನ್ನು ಚಾಪೆಯ ಮೇಲೆ ಮಲಗಿಸಿದ್ದರು. ಪಕ್ಕದಲ್ಲಿ ಅಮ್ಮ ಕೂತಿದ್ದಳು.

"ಬೆಳಗಿನ ಜಾವ ಎದೆ ಹಿಡ್ಕೊಂಡ್ನಂತೆ" ಎಂದಳು. "ಹಾಲಿನೋರು ನೋಡಿ ನನಗೆ ಹೇಳಿಕಳಿಸಿದ್ರು. ನಾನು ಬರೋ ಹೊತ್ತಿಗೆ ಏನೂ ಇರಲಿಲ್ಲ ಕಣೇ."

ನಾನು ಗ್ರಾಫಿನ ಸುರುಳಿಯನ್ನು ಮೂಲೆಗೆ ಒರಗಿಸಿ ಅವಳ ಪಕ್ಕ ಕುಳಿತೆ. ಯಾರೋ ಹಿರಿಯರು ಮುಖಕ್ಕೊಂದು ಬಟ್ಟೆ ಬೇಕಲ್ಲ ಎಂದರು. ಅಮ್ಮ ಸುತ್ತ ನೋಡಿ, ಕೊನೆಗೆ ಪರದೆಯ ಕಡೆ ಕಣ್ಣು ಹಾಯಿಸಿದಳು.

"ಅದರಲ್ಲೇ ಒಂದು ತುಂಡು ತೆಗಿಯೇ. ಎಲ್ಲರಿಗೂ ಅದರಿಂದಲೇ ಕೊಟ್ಟ. ಇದು ಮೂರನೇ ಪರದೆ, ನಿನಗೆ ಗೊತ್ತಿಲ್ಲ."

ನಾನು ಮೇಜಿನ ಮೇಲಿನ ಕತ್ತರಿ ತೆಗೆದುಕೊಂಡು ಬಾಗಿಲಿಗೆ ಬಂದೆ. ಅಷ್ಟರಲ್ಲಿ ಅತ್ತ ಕಡೆಯಿಂದ ಒಬ್ಬರು ಪರದೆ ಎತ್ತಿದರು. ಓಬಳೇಶ. ಸುದ್ದಿ ತಿಳಿದು, ಜನರನ್ನು ಬಸ್ಸಿನಲ್ಲೇ ಬಿಟ್ಟು ಬಂದಿದ್ದ. ನನ್ನ ಕೈಯ ಕತ್ತರಿಯನ್ನೂ ಪರದೆಯ ಅಂಚನ್ನೂ ನೋಡಿದ.

"ಅದನ್ನ ಕತ್ತರಿಸಬೇಡಿ ಅಕ್ಕಾ."

ಕತ್ತಿನ ಹಿಂದಿನಿಂದ ಆ ಬಟ್ಟೆಯನ್ನು ಎಳೆದು ತೆಗೆದು, ಮಡಿಕೆ ಬಿಡಿಸಿದ. ಹೊರಗಿದ್ದ ಭಾಗ ಬಿಸಿಲಿಗೆ ಬಣ್ಣಗೆಟ್ಟಿತ್ತು. ಮಡಿಕೆಯ ಒಳಗೆ ಅದು ಇನ್ನೂ ಕೆಂಪಾಗಿತ್ತು.

"ಹತ್ತನೇ ಕ್ಲಾಸ್ ಫೇಲಾದ ವರ್ಷ" ಎಂದ. "ನಾನು ಕಾಲು ಜಾರಿ ಬಿದ್ದವನಲ್ಲ ಅಕ್ಕಾ, ಬೇಕಂತಲೇ ಕ್ವಾರಿಗೆ ಹೋಗಿದ್ದೆ. ತಿಪ್ಪೇಶಣ್ಣ ಎಳೆದು ಹಾಕಿ, ಇದರಲ್ಲೇ ಮುಖ ಒರೆಸಿ, 'ಇದು ಬೇರೆ ಕೆಲಸಕ್ಕೆ ಅಂತ ತಂದಿದ್ದೆ ಕಣೋ, ಇಟ್ಕೋ' ಅಂದ್ರು. ವಾಪಸ್ ಕೊಡೋಕೆ ಹೋದ್ರೆ ಬೈದು ಕಳಿಸೋರು."

"ಎಷ್ಟು ಸಲ ಹೋಗಿದ್ದಿರಿ?"

"ಪ್ರತಿ ಯುಗಾದಿಗೂ. ಬಟ್ಟೆ ತೋರಿಸೋವರೆಗೆ ಅವರಿಗೆ ನನ್ನ ಗುರುತೇ ಹತ್ತುತ್ತಿರಲಿಲ್ಲ. 'ಯಾವ ಪುಸ್ತಕ ಬೇಕಪ್ಪಾ' ಅನ್ನೋರು."

ಅವನು ಒಳಗೆ ಹೋಗಿ, ಮೊಣಕಾಲೂರಿ, ಆ ತುಂಡನ್ನು ಮಾವನ ಮುಖದ ಮೇಲೆ ಹರವಿದ. ಅಂಚನ್ನು ಕಿವಿಯ ಬಳಿ ಒಮ್ಮೆ ಸರಿಪಡಿಸಿದ. ಆಮೇಲೆ ಎದ್ದು ಹೊರಟುಹೋದ. ಬಸ್ ನಿಲ್ದಾಣ ಬಿಟ್ಟ ಸದ್ದು ಕೇಳಿಸಿತು.

ಮಣ್ಣು ಮಾಡಿ ಬಂದ ಮೇಲೆ ಅಮ್ಮ ಅಂಗಡಿಯನ್ನು ಗುಡಿಸಿದಳು. ನಾನು ಗ್ರಾಫ್ ಹಾಳೆಯನ್ನು ಬಿಡಿಸಿ ನೋಡಿದೆ. ಮಾವ ಹುಡುಕಲು ಹೇಳಿದ್ದ, ಬಟ್ಟೆ ಕಡಿಮೆಯಾಗದೆ ನಿಂತ ಚುಕ್ಕಿ ಅದರಲ್ಲಿ ಇರಲಿಲ್ಲ. ಮೇಜಿನ ಡ್ರಾಯರಿನಿಂದ ಅಳತೆ ಪಟ್ಟಿ ತೆಗೆದು, ಸ್ಟೂಲಿನ ಮೇಲೆ ನಿಂತು, ಸರಳಿನಿಂದ ಕೆಳಗಿನ ಅಂಚಿನವರೆಗೆ ಪರದೆಯನ್ನು ಅಳೆದೆ. ಅಂಚು ನಾಗೇಂದ್ರನ ದಿನ ಕತ್ತರಿಸಿದ ಹಾಗೆಯೇ ಇತ್ತು, ಒಂದು ಕಡೆ ಸ್ವಲ್ಪ ಓರೆಯಾಗಿ. ಗಾಳಿ ನಿಲ್ಲುವವರೆಗೆ ಕಾದು ಎರಡನೆಯ ಸಲ ಅಳೆದೆ.

ತೊಂಬತ್ತನಾಲ್ಕು ಸೆಂಟಿಮೀಟರ್.