ಆನೆ ಕಾಲಿಡದ ಪುಸ್ತಕ

ಆ ಕಾಡಿನ ಪ್ರಾಣಿಗಳಿಗೆಲ್ಲ ಓದುವ ಹುಚ್ಚು. ಆದರೆ ಪುಸ್ತಕವೆಂದರೆ ಆನೆಯ ಪ್ರಕಾಶನದಿಂದ ಬಂದದ್ದು ಮಾತ್ರ ಎಂಬುದು ಅಲ್ಲಿನ ವಾಡಿಕೆ. ಆನೆಗೆ ಓದುವಷ್ಟು ವ್ಯವಧಾನವಿರಲಿಲ್ಲ. ಯಾರಾದರೂ ಬರೆದು ತಂದರೆ ಓಲೆಯ ಕಟ್ಟನ್ನು ನೆಲದ ಮೇಲೆ ಇಡಿಸಿ, ಅದರ ಮೇಲೆ ಮೆಲ್ಲಗೆ ಕಾಲಿಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿತ್ತು. ಅಂಗಾಲಿಗೆ ಬಿಸಿ ತಟ್ಟಿದರೆ ಪುಸ್ತಕ, ಇಲ್ಲದಿದ್ದರೆ ಬರಿಯ ಎಲೆ. ಬಿಸಿ ತಟ್ಟಿದ್ದಕ್ಕೆ ಹೆಜ್ಜೆಗುರುತು ಒತ್ತಿ, ಅಳಿಲುಗಳನ್ನು ಕೂರಿಸಿ ಪ್ರತಿ ಮಾಡಿಸುತ್ತಿತ್ತು. ಇದು ಯಾರಿಗೂ ವಿಚಿತ್ರವೆನಿಸಿರಲಿಲ್ಲ. ಅಷ್ಟು ದೊಡ್ಡ ಕಾಲು ತಪ್ಪು ಹೇಳೀತೇ?

ಅಲ್ಲೊಂದು ಮುಳ್ಳುಹಂದಿ ತೀರಿಹೋದ ತನ್ನ ತಾಯಿಯ ಬಗ್ಗೆ ಬರೆದಿತ್ತು. ಒಂದೇ ಬಿಲದಲ್ಲಿ ಬಾಳಿಯೂ ಮುಳ್ಳುಗಳ ದೆಸೆಯಿಂದ ಆ ತಾಯಿಯ ಮೈಗೆ ತಾನು ಒಮ್ಮೆಯೂ ಒರಗಿ ಮಲಗಲಾಗದ ಸಂಕಟವೇ ಅದರ ಪುಸ್ತಕ. ತನ್ನ ಹಾಗೆ ಇನ್ನೂ ಯಾರಿಗಾದರೂ ಆಗಿದೆಯೇ ಎಂದು ತಿಳಿಯದೆ ಅದಕ್ಕೆ ಸಮಾಧಾನವಿರಲಿಲ್ಲ.

ಆನೆ ಕಾಲಿಟ್ಟು ಬಹಳ ಹೊತ್ತು ನಿಂತಿತು. "ಏನೂ ತಟ್ಟಲಿಲ್ಲವಮ್ಮ. ಮುಂದಿನ ಮಳೆಗಾಲಕ್ಕೆ ನೋಡೋಣ" ಎಂದಿತು. ಮಳೆಗಾಲಗಳು ಬಂದವು, ಹೋದವು.

ನೆರೆಯ ಆಮೆಗೆ ತಡೆಯಲಾಗಲಿಲ್ಲ. "ಬೆನ್ನ ಮೇಲೆ ಇಷ್ಟೊಂದು ಲೇಖನಿ ಹೊತ್ತುಕೊಂಡು ಅಳಿಲುಗಳ ದಾರಿ ಕಾಯ್ತೀಯಲ್ಲ ಮಾರಾಯ್ತಿ! ನೀನೇ ಪ್ರತಿ ಮಾಡಿ ಹಂಚು."

ಹೇಳುವುದೇನೋ ಸುಲಭ. ಒಂದು ಪ್ರತಿ ಮುಗಿಯುವಷ್ಟರಲ್ಲಿ ಒಂದು ಮುಳ್ಳು ಸವೆದು ಮೊಂಡಾಗುತ್ತದೆ. ಆ ವಯಸ್ಸಿನಲ್ಲಿ ಕಿತ್ತ ಮುಳ್ಳು ಮತ್ತೆ ಮೊಳೆಯುವುದೂ ಇಲ್ಲ.

"ಬೇಡ ಅವ್ವ" ಎಂದಿತು ಮುಳ್ಳುಹಂದಿಯ ಮರಿ. "ಚಿರತೆ ಬಂದರೆ ಏನು ಮಾಡ್ತೀ? ಅಷ್ಟು ಕಷ್ಟಪಟ್ಟ ಮೇಲೂ ಯಾರೂ ಓದದೇ ಇದ್ದರೆ?"

"ನನಗೂ ಅದೇ ಹೆದರಿಕೆ ಕಣೋ" ಎಂದಿತು ತಾಯಿ.

ಆ ಹೆದರಿಕೆಯಲ್ಲೇ ಕೆಲವು ದಿನ ಕಳೆಯಿತು. ಒಂದು ಮಧ್ಯಾಹ್ನ ಬಿಲದ ಬಾಯಲ್ಲಿ ಕೂತಿದ್ದಾಗ ಮುಳ್ಳುಹಂದಿಗೆ ತನ್ನ ತಾಯಿಯ ಕೊನೆಯ ದಿನ ನೆನಪಾಯಿತು. ಆ ಬೆನ್ನಿನಿಂದ ಒಂದು ಮುಳ್ಳೂ ಉದುರಿರಲಿಲ್ಲ. ಜೀವಮಾನವಿಡೀ ಜೋಪಾನ ಮಾಡಿದ್ದೆಲ್ಲ ಹಾಗೆಹಾಗೇ ಮಣ್ಣಿಗೆ ಹೋಗಿತ್ತು. ಮುಳ್ಳುಹಂದಿ ಕಣ್ಣು ಬಿಗಿಯಾಗಿ ಮುಚ್ಚಿ ಮೊದಲ ಮುಳ್ಳನ್ನು ಕಿತ್ತುಕೊಂಡಿತು. ಪ್ರಾಣ ಹೋದಷ್ಟು ನೋವಾಯಿತು. ಅತ್ತು, ಮೂಗೊರೆಸಿಕೊಂಡು, ಬರೆಯಲು ಕುಳಿತಿತು.

ಮೊದಮೊದಲು ಯಾರೂ ಒಯ್ಯಲಿಲ್ಲ. ಗೂಬೆ ಕೈಗೆತ್ತಿಕೊಂಡು, ಹಿಂದೆ ಮುಂದೆ ತಿರುಗಿಸಿ, ಹೆಜ್ಜೆಗುರುತು ಕಾಣದೆ ವಾಪಸು ಇಟ್ಟಿತು. ಪಾಪ ಅನ್ನಿಸಿ ಮುಂಗುಸಿಯೊಂದು ಪ್ರತಿ ಒಯ್ದಿತು. ಮರುದಿನ ಕೆಂಪು ಕಣ್ಣು ಮಾಡಿಕೊಂಡು ಬಂದು ನಿಂತಿತು.

"ನಮ್ಮಪ್ಪನೂ ಹೀಗೇ ಇದ್ದ. ನಮ್ಮ ತಮ್ಮನಿಗೂ ಒಂದು ಕೊಡು."

ಆಮೇಲೆ ಕೇಳಿಕೊಂಡು ಬರುವವರು ಹೆಚ್ಚಾದರು. ಜಿಂಕೆ ಬಂತು, ಕಾಡುಕೋಳಿ ಬಂತು. ಕೇಳಿದವರಿಗೆ ಇಲ್ಲವೆನ್ನಲಾಗದೆ ಬರೆದು ಬರೆದು, ಒಂದು ದಿನ ಬೆನ್ನು ಪೂರ್ತಿ ಬೋಳಾಯಿತು. ಇನ್ನು ಚಿರತೆ ಬಂದರೆ ಓಡುವುದೊಂದೇ ದಾರಿ. ಅದು ಗೊತ್ತಿದ್ದೂ ಮುಳ್ಳುಹಂದಿಗೆ ಎಂದೂ ಕಾಣದ ನೆಮ್ಮದಿಯಾಗಿತ್ತು.

ಸುದ್ದಿ ಆನೆಯ ಕಿವಿಗೂ ಬಿತ್ತು. ಅದು ಯಾರನ್ನೂ ಕಳಿಸದೆ ತಾನೇ ಬಿಲದ ಬಾಗಿಲಿಗೆ ಬಂದು ಗಂಟಲು ಸರಿಮಾಡಿಕೊಂಡಿತು.

"ಅಮ್ಮಾ, ಮೊನ್ನೆಯಿಂದ ಅಂಗಾಲು ಬೆಚ್ಚಗಾಗುತ್ತಿದೆ. ನಿನ್ನ ಪುಸ್ತಕ ತೆಗೆದುಕೊಂಡು ಬಾ, ಕಾಲಿಡುತ್ತೇನೆ."

ಒಳಗಿನಿಂದ ಪಿಸುದನಿ ಬಂತು. "ಸ್ವಲ್ಪ ತಡೆಯಿರಿ ಸ್ವಾಮಿ. ಮರಿಗೆ ಈಗ ತಾನೇ ನಿದ್ದೆ ಹತ್ತಿದೆ."

ಹುಟ್ಟಿದಾಗಿನಿಂದ ದೂರವೇ ಮಲಗುತ್ತಿದ್ದ ಮರಿ ಅಂದು ತಾಯಿಯ ಬೋಳು ಬೆನ್ನಿಗೆ ಮುಖವಿಟ್ಟು ನಿದ್ದೆ ಹೋಗಿತ್ತು. ಆನೆ ಹೊರಗೆ ಕಾಯುತ್ತ ನಿಂತಿತು. ಮರಿ ನಿದ್ದೆಗಣ್ಣಿನಲ್ಲೇ ಇನ್ನಷ್ಟು ಒತ್ತಿಕೊಂಡಿತು. ಅದರ ಎಳೆಯ ಮುಳ್ಳುಗಳು ಬೆನ್ನಿಗೆ ಚುಚ್ಚಿದವು. ತಾಯಿ ಅಲುಗಾಡಲಿಲ್ಲ.