ಒಂಟೆಗಳ ತಂಡಕ್ಕೊಬ್ಬರು ಅತ್ತೆ

ಲಿಫ್ಟ್ ರಿಪೇರಿಯವನ ಕಾಲು ಮುರಿದದ್ದು ಲಿಫ್ಟಿನಿಂದಲ್ಲ, ಏಣಿಯಿಂದ. ಬಹುಮಹಡಿ ಕಟ್ಟಡವೊಂದರಲ್ಲಿ, ಲಿಫ್ಟು ಓಡಾಡುವ ಬಾವಿಯೊಳಗೆ ಏಣಿಯ ಮೇಲೆ ನಿಂತು ಬೋಲ್ಟು ಬಿಗಿಯುತ್ತಿದ್ದವನು ಗ್ರೀಸಿನ ಮೇಲೆ ಕಾಲಿಟ್ಟು ಜಾರಿದ. ಅಂಥ ಎತ್ತರವೇನಲ್ಲ. ಆದರೂ ಮೊಣಕಾಲಿನ ಕೆಳಗಿನ ಮೂಳೆ ಎರಡು ಕಡೆ ಬಿರುಕು ಬಿಟ್ಟಿತು. ಡಾಕ್ಟರು ತೊಡೆಯಿಂದ ಪಾದದವರೆಗೆ ಪ್ಲಾಸ್ಟರು ಹಾಕಿ, ಅಲುಗಾಡದೆ ಬಿದ್ದಿರಬೇಕೆಂದು ಹೇಳಿ ಮನೆಗೆ ಕಳಿಸಿದರು.

ಹೆಂಡತಿ ಸಿಟಿ ಬಸ್ಸಿನ ಡ್ರೈವರು. ಅವಳಿಗೆ ಪಾಳಿ ತಪ್ಪಿಸುವಂತಿರಲಿಲ್ಲ. ಹಾಗಾಗಿ ಅವಳ ತಾಯಿ ಒಂದು ಸೂಟ್‌ಕೇಸು ಹಿಡಿದು ಬಂದರು. ಅತ್ತೆ ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಅಳುವ ಕೂಸುಗಳನ್ನೂ, ಕೂಸುಗಳಿಗಿಂತ ಜೋರಾಗಿ ಅಳುವ ಅಪ್ಪಂದಿರನ್ನೂ ಒಂದೇ ಗದರಿಕೆಯಲ್ಲಿ ಸುಮ್ಮನಾಗಿಸಿದ ಗಂಟಲು ಅವರದು. ಅಳಿಯನ ಮುಂದೆ ಮಾತ್ರ ಆ ಗಂಟಲು ಮದುವೆಯ ದಿನದಿಂದಲೂ ಎದ್ದಿರಲಿಲ್ಲ.

"ಊಟಕ್ಕೆ ಬಡಿಸಲಾ ನಿಮಗೆ?"

"ಹೂಂ ಅತ್ತೆ."

ಅಲ್ಲಿಗೆ ಮಾತು ಮುಗಿಯುತ್ತಿತ್ತು. ಇಬ್ಬರ ನಡುವೆ ಜಗಳವೇನೂ ಇರಲಿಲ್ಲ. ಜಗಳವಾಡುವಷ್ಟು ಸಲಿಗೆಯೂ ಇರಲಿಲ್ಲ.

ಹೊತ್ತು ಹೋಗದೆ ಅವನು ಕಂಪ್ಯೂಟರಿನಲ್ಲಿ ಒಂದು ಬೇಸ್‌ಬಾಲ್ ಲೀಗಿಗೆ ಸೇರಿದ. ಅಲ್ಲಿ ಮೈದಾನವಿಲ್ಲ, ಚೆಂಡಿಲ್ಲ, ಬೆವರೂ ಇಲ್ಲ. ಆಟಗಾರರು ಬರೀ ಕಲ್ಪನೆಯವರು. ಯಾರು ಎಷ್ಟು ಜೋರಾಗಿ ಎಸೆಯುತ್ತಾನೆ, ಎಷ್ಟು ಚೆನ್ನಾಗಿ ಬ್ಯಾಟು ಬೀಸುತ್ತಾನೆ, ಎಷ್ಟು ಬೇಗ ಓಡುತ್ತಾನೆ ಎಂಬುದಕ್ಕೆಲ್ಲ ಒಂದೊಂದು ಅಂಕಿ. ಯಾರನ್ನು ಆಡಿಸಬೇಕೆಂದು ಮ್ಯಾನೇಜರುಗಳು ಹಗಲಲ್ಲಿ ತೀರ್ಮಾನಿಸಿ ಕೊಟ್ಟರೆ, ಸಂಜೆ ಆರಕ್ಕೆ ಕಂಪ್ಯೂಟರು ತಾನೇ ಪಂದ್ಯವಾಡಿ, ಯಾರು ಎಸೆದ, ಯಾರು ಹೊಡೆದ, ಯಾರು ಔಟಾದ ಎಂದು ಸಾಲು ಸಾಲಾಗಿ ವರದಿ ಕಳಿಸುತ್ತಿತ್ತು. ಒಬ್ಬರ ಮುಖ ಒಬ್ಬರು ನೋಡಿರದ ಹತ್ತಾರು ಮ್ಯಾನೇಜರುಗಳು ಎಲ್ಲೆಲ್ಲೋ ಕುಳಿತು ಅದಕ್ಕಾಗಿ ಕಾಯುತ್ತಿದ್ದರು.

ತಡವಾಗಿ ಸೇರಿದವನಿಗೆ ಸಿಕ್ಕಿದ್ದು ಯಾರೋ ಕೈಬಿಟ್ಟು ಹೋಗಿದ್ದ ತಂಡ. ಹೆಸರು 'ಒಂಟೆಗಳು'. ಹೋದ ಸಲವೂ ಕೊನೆಯ ಸ್ಥಾನ, ಅದರ ಹಿಂದಿನ ಸಲವೂ ಕೊನೆಯ ಸ್ಥಾನ. ಈ ಸಲವೂ ಕೊನೆಗೇ ಬಂದರೆ ತಂಡವನ್ನು ಮುಚ್ಚಿಬಿಡುವುದಾಗಿ ಲೀಗು ನಡೆಸುವ ನಿವೃತ್ತ ಮೇಷ್ಟರು ಮೊದಲೇ ತಿಳಿಸಿದ್ದರು.

ಮೊದಲ ವಾರ ಒಂಟೆಗಳು ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಎರಡನೆಯ ವಾರವೂ ಅದೇ ಪಾಡು. ಅವನು ದಿನಕ್ಕೊಂದು ತಂಡ ಮಾಡಿದ. ನಿನ್ನೆ ಮೊದಲು ಬ್ಯಾಟು ಹಿಡಿದವನನ್ನು ಇವತ್ತು ಕೊನೆಗೆ ತಳ್ಳಿದ, ಇವತ್ತು ಎಸೆದವನನ್ನು ನಾಳೆ ಹೊರಗೆ ಕೂರಿಸಿದ. ಮ್ಯಾನೇಜರುಗಳು ಹರಟುವ ಪುಟದಲ್ಲಿ ಒಬ್ಬಾತ, "ಒಂಟೆಗಳ ಜೊತೆ ಪಂದ್ಯವಿದ್ದ ದಿನ ನಮಗೆ ರಜೆ" ಎಂದು ಬರೆದ. ಅದನ್ನೋದಿ ಅವನ ಮೈಯೆಲ್ಲ ಉರಿಯಿತು.

ಒಂದು ಸಂಜೆ ಅವನು ಪರದೆಯನ್ನು ನೋಡುತ್ತಾ ಕೆಟ್ಟದಾಗಿ ಬೈದದ್ದು ಅಡುಗೆಮನೆಗೂ ಕೇಳಿಸಿತು. ಅತ್ತೆ ಸೌಟು ಹಿಡಿದುಕೊಂಡೇ ಓಡಿ ಬಂದರು.

"ಏನಾಯ್ತು? ಯಾರಿಗೇನಾಯ್ತು?"

"ಏನಿಲ್ಲ ಅತ್ತೆ, ಆಟ. ಸೋತ್ವಿ."

"ಆಟ ಎಲ್ಲಿ ನಡೀತು?"

"ಎಲ್ಲೂ ನಡೀಲಿಲ್ಲ."

ಅತ್ತೆ ಸೌಟನ್ನೂ ಅಳಿಯನನ್ನೂ ಒಂದು ಸಲ ನೋಡಿದರು. ಕುರ್ಚಿ ಎಳೆದುಕೊಂಡು ಕುಳಿತು, "ಸರಿಯಾಗಿ ಹೇಳಿ" ಎಂದರು. ಅವನು ಹೇಳಿದ. ಇಷ್ಟು ದಿನ ಯಾರಿಗೂ ಹೇಳಿಕೊಳ್ಳದೆ ಇದ್ದವನು ಒಲೆಯ ಮೇಲಿನದು ಸೀಯುವವರೆಗೂ ಹೇಳಿದ.

ಮಾರನೆಯ ದಿನದಿಂದ ಆರು ಗಂಟೆಗೆ ಅತ್ತೆ ಬಟ್ಟೆ ಮಡಚುತ್ತಾ ಅವನ ಪಕ್ಕ ಕೂರತೊಡಗಿದರು. ಅವನು ವರದಿ ಓದಬೇಕು, ಅವರು ಕೇಳಬೇಕು. ಆಟಗಾರರ ಹೆಸರುಗಳು ಅವರ ನಾಲಿಗೆಗೆ ಹೊಂದಲಿಲ್ಲ. ವಾರ್ಡಿನಲ್ಲಿ ಹೆಸರಿಲ್ಲದ ಕೂಸುಗಳಿಗೆಲ್ಲ ಅಡ್ಡಹೆಸರಿಟ್ಟು ಅಭ್ಯಾಸವಾದವರು, ಇಲ್ಲಿಯೂ ಶುರು ಹಚ್ಚಿದರು. ಎಡಗೈಯಿಂದ ಹೊಡೆಯುವವನು 'ಎಡಚ'. ಬ್ಯಾಟು ಹಿಡಿದವನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಚೆಂಡು ಹಿಡಿಯುವವನು 'ಗಡಿಗೆ'. ತಂಡದಲ್ಲೇ ಹಿರಿಯ, ಎಸೆತದ ವೇಗವೆಲ್ಲ ಕುಂದಿ ಹೋಗಿದ್ದ ಪಿಚರ್ 'ತಾತ'.

ತಾತನ ವಿಷಯದಲ್ಲೇ ಮೊದಲ ಜಗಳವಾಯಿತು. ಒಂಬತ್ತು ಇನಿಂಗ್ಸಿನ ಪಂದ್ಯದಲ್ಲಿ ಕೊನೆಯವರೆಗೂ ಎಸೆಯಲಾಗದ ತಾತನನ್ನು ಅವನು ತಂಡದಿಂದ ತೆಗೆದು ಹಾಕಲು ಹೊರಟಿದ್ದ.

"ಮೊನ್ನೆ ಐದು ಇನಿಂಗ್ಸ್ ಚೆನ್ನಾಗಿ ಎಸೆದನಲ್ಲ?" ಎಂದರು ಅತ್ತೆ.

"ಆರನೇದ್ರಲ್ಲಿ ಹೊಡೆಸಿಕೊಂಡ."

"ಆರನೇದಕ್ಕೆ ಯಾಕೆ ಬಿಟ್ರಿ? ಸುಸ್ತಾಗಿತ್ತು, ಪಾಪ."

"ಅವನು ಮನುಷ್ಯ ಅಲ್ಲ ಅತ್ತೆ, ಅಂಕಿ!"

"ಅಂಕಿಗೆ ಮತ್ಯಾಕೆ ಅಷ್ಟೊಂದು ಬೈತೀಯ? ದಿನಾ ಒಬ್ಬನ್ನ ಎತ್ತಿ ಇನ್ನೊಬ್ಬನ್ನ ಕೂರಿಸ್ತೀಯ. ನಿನ್ನ ಕಾಲಿಗೆ ಹಾಕಿರೋ ಪ್ಲಾಸ್ಟರ್‌ನ ಡಾಕ್ಟ್ರು ದಿನಾ ಬಿಚ್ಚಿ ನೋಡಿದ್ರೆ ಏನಾಗ್ತಿತ್ತು ಹೇಳು!"

ದನಿ ಹೆರಿಗೆ ವಾರ್ಡಿನ ಎತ್ತರಕ್ಕೆ ಏರಿತ್ತು. ಏಕವಚನ ಬಾಯಿಂದ ಜಾರಿದ್ದು ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು. ಅತ್ತೆ ಮುಖ ಕೆಂಪಗೆ ಮಾಡಿಕೊಂಡು ಒಂದೇ ದಿಂಬಿನ ಚೀಲವನ್ನು ಮೂರು ಸಲ ಮಡಚಿದರು. ಅವನಿಗೆ ಯಾಕೋ ಹಾಯೆನಿಸಿತು.

"ಸರಿ. ಎರಡು ವಾರ ಒಂದೇ ತಂಡ ಆಡ್ಸೋಣ. ತಾತ ಐದು ಇನಿಂಗ್ಸ್ ಮಾತ್ರ. ಸೋತ್ರೆ ನೀವು ಹೊಣೆ."

"ಸೋತೇ ಸೋಲ್ತೀವಿ. ಈಗೇನು ಗೆದ್ದು ಗುಡ್ಡೆ ಹಾಕಿದ್ದೀಯಾ?"

ಸೋತರು. ಒಂದರ ಹಿಂದೊಂದು ನಾಲ್ಕು ಪಂದ್ಯ ಸೋತರು. ಅವನ ಕೈ ತುರಿಸುತ್ತಿತ್ತು, ಅತ್ತೆ ಪಕ್ಕದಲ್ಲಿ ಕೂತು ಕಾವಲು ಕಾದರು. ಐದನೆಯದರಲ್ಲಿ ತಾತ ಐದು ಇನಿಂಗ್ಸ್ ಎಸೆದು ವಿರಾಮಕ್ಕೆ ಹೋದ, ಎಡಚ ಬೇಲಿಯಾಚೆಗೆ ಚೆಂಡು ಕಳಿಸಿದ, ಒಂಟೆಗಳು ಗೆದ್ದವು. ಅತ್ತೆ ಚಪ್ಪಾಳೆ ತಟ್ಟಿದ ಸದ್ದಿಗೆ ಪಕ್ಕದ ಮನೆಯವರು ಬಾಗಿಲು ತೆಗೆದು ನೋಡಿದರು. ಕೆಲಸ ಮುಗಿಸಿ ಬಂದ ಹೆಂಡತಿ, ತನ್ನ ತಾಯಿ ಮತ್ತು ಗಂಡ ಒಂದೇ ತಟ್ಟೆಯಿಂದ ಹುರಿದ ಕಡಲೆಕಾಯಿ ತಿನ್ನುತ್ತಿರುವುದನ್ನು ನೋಡಿ, ಬೇರೆ ಯಾರದೋ ಮನೆಗೆ ಬಂದೆನೇನೋ ಎಂದುಕೊಂಡಳು.

ಆಮೇಲೆ ಗೆಲುವು ಸೋಲು ಎರಡೂ ಬಂದವು. ಸೋಲೇ ಹೆಚ್ಚು. ಆದರೆ ಈಗ ಒಂದೆರಡು ರನ್ನುಗಳಿಂದ ಸೋಲುತ್ತಿದ್ದರು.

ಪ್ಲಾಸ್ಟರು ಬಿಚ್ಚಿಸುವ ದಿನ ಹೆಂಡತಿ ರಜೆ ಹಾಕಿ ಅವನನ್ನು ಆಸ್ಪತ್ರೆಗೆ ಕರೆದೊಯ್ದಳು. ಅಂದಿನ ತಂಡವನ್ನು ಕಳಿಸುವ ಕೆಲಸ ಅತ್ತೆಗೆ ಬಂತು. "ಇಲ್ಲಿ ಒತ್ತಿ, ಆಮೇಲೆ ಇಲ್ಲಿ, ಅಷ್ಟೇ" ಎಂದು ಅವನು ತೋರಿಸಿ ಹೋಗಿದ್ದ. ಸಂಜೆ ಕುಂಟುತ್ತಾ ಮನೆಗೆ ಬಂದರೆ ಅತ್ತೆ ಸೂಟ್‌ಕೇಸಿಗೆ ಸೀರೆ ತುಂಬುತ್ತಿದ್ದರು.

"ನಾನು ಊರಿಗೆ ಹೋಗ್ತೀನಿ. ನನ್ನ ಮುಖ ನೋಡ್ಬೇಡಿ ಯಾರೂ."

"ಅಮ್ಮಾ, ಏನಾಯ್ತೇ?" ಎಂದಳು ಮಗಳು.

ಅತ್ತೆ ಕಂಪ್ಯೂಟರಿನತ್ತ ಬೆರಳು ತೋರಿಸಿದರು. ಅವನು ಹೋಗಿ ನೋಡಿದ. ಎಲ್ಲೋ ಒಂದು ಕಡೆ ಬೆರಳು ತಪ್ಪಿ, ಚೆಂಡು ಹಿಡಿಯಬೇಕಿದ್ದ ಗಡಿಗೆ ಎಸೆಯಲು ನಿಂತಿದ್ದ. ಹುಟ್ಟಿದಾಗಿನಿಂದ ಒಂದು ಚೆಂಡನ್ನೂ ಎಸೆಯದ ಗಡಿಗೆಯನ್ನು ಬದಲಿಸುವವರೂ ಇಲ್ಲದೆ, ಪಾಪ, ಒಂಬತ್ತು ಇನಿಂಗ್ಸೂ ಅವನೇ ಎಸೆದಿದ್ದ. ಎದುರಾಳಿ ತಂಡ ಮೂವತ್ತೊಂದು ರನ್ ಹೊಡೆದಿತ್ತು. ಲೀಗಿನ ಚರಿತ್ರೆಯಲ್ಲೇ ಅದು ದಾಖಲೆ.

ಅವನಿಗೆ ಹೊಟ್ಟೆಯೊಳಗಿಂದ ನಗು ಉಕ್ಕಿತು. ತಡೆಯಲು ನೋಡಿದ, ಆಗಲಿಲ್ಲ. ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಬಿದ್ದ ದಿನದಿಂದ ಅವನು ಹಾಗೆ ನಕ್ಕಿದ್ದನ್ನು ಹೆಂಡತಿ ನೋಡಿರಲಿಲ್ಲ. ಅವಳೂ ನಕ್ಕಳು. ಕೊನೆಗೆ ಅತ್ತೆಯೂ ಸೀರೆಯಲ್ಲಿ ಮುಖ ಮುಚ್ಚಿಕೊಂಡು, "ಗಡಿಗೆ ತೋಳು ಬಿದ್ದೇ ಹೋಗಿರುತ್ತೆ ಕಣೋ" ಎನ್ನುತ್ತಾ ನಕ್ಕರು.

ಹರಟೆಯ ಪುಟದಲ್ಲಿ ಆಗಲೇ ಗೇಲಿ ಜೋರಾಗಿತ್ತು. ಅವನು ಅಲ್ಲಿ ಮೊದಲ ಸಲ ಬರೆದ: "ನಮ್ಮ ಗಡಿಗೆಯನ್ನು ಎಸೆಯಲು ಇಳಿಸಿದ್ದು ನಮ್ಮ ಅತ್ತೆಯವರ ತಂತ್ರ. ನಿಮಗೆ ಅರ್ಥವಾಗುವುದಿಲ್ಲ." ಸ್ವಲ್ಪ ಹೊತ್ತಿನಲ್ಲೇ ಪುಟದ ತುಂಬ ಅತ್ತೆಗೆ ನಮಸ್ಕಾರಗಳು ಬಂದು ಬಿದ್ದವು. ರಜೆಯ ಮಾತಾಡಿದಾತನೂ, "ಅತ್ತೆಯವರೇ, ನಮ್ಮ ಪಂದ್ಯದಲ್ಲೂ ಗಡಿಗೆಯನ್ನೇ ಇಳಿಸಿ" ಎಂದು ಕೈಮುಗಿದಿದ್ದ. ಅತ್ತೆ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಎರಡೆರಡು ಸಲ ಓದಿಸಿಕೊಂಡರು. ಸೂಟ್‌ಕೇಸು ಮತ್ತೆ ಮಂಚದ ಕೆಳಗೆ ಸೇರಿತು.

ಅದಾದ ಕೆಲವೇ ದಿನಗಳಲ್ಲಿ ಲೀಗಿನ ಮೊದಲ ಸ್ಥಾನದಲ್ಲಿದ್ದ ತಂಡದ ಮ್ಯಾನೇಜರು, ಬೇಕರಿ ನಡೆಸುವ ಹೆಂಗಸು, ಫೋನು ಮಾಡಿದಳು. ಕೊನೆಯ ಘಟ್ಟಕ್ಕೆ ಅವಳಿಗೆ ಅನುಭವಿ ಪಿಚರ್ ಒಬ್ಬ ಬೇಕಿತ್ತು. ತಾತನನ್ನು ಕೊಟ್ಟರೆ, ತನ್ನಲ್ಲಿ ಜಾಗವಿಲ್ಲದೆ ಬೆಂಚಿನ ಮೇಲೆ ಕೂತಿರುವ ಹೊಸ ಓಟಗಾರನನ್ನು ಕೊಡುತ್ತೇನೆಂದಳು. ಅವನು ಅತ್ತೆಯ ಮುಖ ನೋಡಿದ. ಬೇಡವೆನ್ನುತ್ತಾರೆಂದೇ ತಿಳಿದಿದ್ದ.

ಅತ್ತೆ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು, "ಆ ತಂಡ ಕಪ್ಪು ಗೆಲ್ಲುತ್ತಾ?" ಎಂದು ಕೇಳಿದರು.

"ಗೆದ್ದೇ ಗೆಲ್ಲುತ್ತೆ."

"ಹಾಗಾದ್ರೆ ಹೋಗಲಿ. ಅವನೂ ಒಂದ್ಸಲ ಗೆಲ್ಲೋದನ್ನ ನೋಡಲಿ." ಫೋನು ಕಿತ್ತುಕೊಂಡು ಬೇಕರಿಯವಳಿಗೆ ಹೇಳಿದರು: "ನೋಡಮ್ಮ, ಐದು ಇನಿಂಗ್ಸ್‌ಗಿಂತ ಹೆಚ್ಚು ಎಸೆಯೋಕೆ ಬಿಡ್ಬೇಡ. ಆಮೇಲೆ ನನ್ನನ್ನ ಕೇಳ್ಬೇಡ."

ಬಂದ ಹುಡುಗನಿಗೆ ಅವರು 'ಗಾಳಿ' ಎಂದು ಹೆಸರಿಟ್ಟರು. ಹೊಡೆಯುವುದರಲ್ಲಿ ಅಷ್ಟಕ್ಕಷ್ಟೆ, ಆದರೆ ಒಂದು ಸಲ ಮೊದಲ ಬೇಸ್ ತಲುಪಿದನೆಂದರೆ, ಉಳಿದೆರಡು ಬೇಸ್ ದಾಟಿ ಹೊರಟ ಜಾಗಕ್ಕೇ ಮರಳಿ ರನ್ ತರುವವರೆಗೆ ಹಿಡಿಯುವವರಿಲ್ಲ.

ಅಷ್ಟರಲ್ಲಿ ಕಂಪನಿಯಿಂದ ಕರೆ ಬಂದಿತ್ತು. ಕಾಲು ವಾಸಿಯಾಗಿದೆಯೆಂದು ಡಾಕ್ಟರೇ ಬರೆದುಕೊಟ್ಟಿದ್ದರು. ಅವನು ಇವತ್ತು ನೋವು, ನಾಳೆ ಊತ ಎಂದು ಸಬೂಬು ಹೇಳುತ್ತಿದ್ದ. ಒಂದು ದಿನ ಅತ್ತೆ ಅವನ ಜೊತೆ ತರಕಾರಿ ತರಲು ಹೊರಟರು. ಅವನು ಲಿಫ್ಟಿನ ಮುಂದೆ ಬಂದು, ತಿರುಗಿ, ಮೆಟ್ಟಿಲಿನ ಕಡೆ ಹೋದ. ನಾಲ್ಕು ಮಹಡಿ, ಅದೂ ಆ ಕಾಲಿನಲ್ಲಿ. ಅತ್ತೆಯೂ ಅವನ ಹಿಂದೆ ಇಳಿದರು. ಅರ್ಧಕ್ಕೆ ನಿಂತು ಏದುಸಿರು ಬಿಡುತ್ತಾ ಕೇಳಿದರು:

"ಭಯಾನಾ?"

ಅವನು ಕಂಬಿ ಹಿಡಿದುಕೊಂಡು ನಿಂತ. "ಆ ಬಾವಿ ನೆನಪಾದ್ರೆ ಅಂಗೈ ಬೆವರುತ್ತೆ ಅತ್ತೆ. ಯಾರಿಗೆ ಹೇಳ್ಲಿ? ಲಿಫ್ಟ್ ರಿಪೇರಿಯವನಿಗೆ ಲಿಫ್ಟ್ ಭಯ ಅಂದ್ರೆ ನಗಲ್ವಾ?"

"ನಗ್ತಾರೆ. ನಗಲಿ. ನಾನು ಗಡಿಗೆ ಕೈಲಿ ಎಸೆಸಿದಾಗ ಊರೆಲ್ಲ ನಗಲಿಲ್ವಾ? ನಾನೇನು ಸತ್ತುಹೋದ್ನಾ?" ಅವರು ಮೆಟ್ಟಿಲ ಮೇಲೆ ಕುಳಿತರು. "ಜೊತೆ ಕೆಲಸದವರಲ್ಲಿ ಒಳ್ಳೆಯವರು ಯಾರೂ ಇಲ್ವಾ?"

ಒಬ್ಬ ಇದ್ದ, ಅವನಿಗೆ ಕೆಲಸ ಕಲಿಸಿದ ಹಿರಿಯ ಮೆಕ್ಯಾನಿಕ್ಕು. ಅಳಿಯ ಅಂದೇ ಆತನಿಗೆ ಫೋನು ಮಾಡಿದ. ಹಿರಿಯನು ನಗಲಿಲ್ಲ. "ನನಗೂ ಆಗಿತ್ತು ಮಾರಾಯ. ಮೊದ್ಲು ಮೇಲಿನ ಮಿಷನ್ ರೂಮಲ್ಲಿ ಕೆಲಸ ಮಾಡು. ಬಾವಿಗೆ ನಾನಿಳೀತೀನಿ. ನಿನಗೆ ಯಾವಾಗ ಅನ್ಸುತ್ತೋ ಆಗ ಬಾ" ಎಂದ. ಮರುವಾರ ಅವನು ಕೆಲಸಕ್ಕೆ ಹೋದ.

ಲೀಗಿನ ಕೊನೆಯ ಪಂದ್ಯದ ಸಂಜೆ ಅವನು ಒಂದು ಆಫೀಸು ಕಟ್ಟಡದ ನೆತ್ತಿಯಲ್ಲಿ, ಮೋಟಾರಿನ ಪಕ್ಕ ನೆಲದ ಮೇಲೆ ಕುಳಿತಿದ್ದ. ಒಂಟೆಗಳೂ ಎದುರಾಳಿಗಳೂ ಪಟ್ಟಿಯ ತಳದಲ್ಲಿ ಸಮಸಮ ನಿಂತಿದ್ದರು. ಸೋತರೆ ಒಂಟೆಗಳ ತಂಡ ಮುಚ್ಚಿಹೋಗುತ್ತದೆ. ಆರು ಗಂಟೆಗೆ ಫೋನು ಬಂತು. ಈ ಸಲ ಓದುವ ಸರದಿ ಅತ್ತೆಯದು.

"ಕೊನೆಗೆ ಏನಾಯ್ತು ಅಂತ ಮೊದ್ಲು ಹೇಳಿ ಅತ್ತೆ!"

"ಸುಮ್ನಿರು. ನಾನೂ ನೋಡಿಲ್ಲ. ಸಾಲಾಗಿ ಓದ್ತೀನಿ."

ಓದಿದರು. ಕನ್ನಡಕ ಒರೆಸಿಕೊಳ್ಳಲು ನಿಲ್ಲಿಸಿದರು, ನೀರು ಕುಡಿಯಲು ನಿಲ್ಲಿಸಿದರು. ಬಾವಿಯಿಂದ ಮೇಲೆ ಬಂದ ಹಿರಿಯ ಮೆಕ್ಯಾನಿಕ್ಕೂ ಕೈ ಒರೆಸುತ್ತಾ ಫೋನಿಗೆ ಕಿವಿಕೊಟ್ಟ. ಒಂಬತ್ತನೆಯ ಇನಿಂಗ್ಸಿನಲ್ಲಿ ಎರಡೂ ಕಡೆ ಮೂರು ಮೂರು ರನ್, ಬ್ಯಾಟಿನ ಕೊನೆಯ ಸರದಿ ಒಂಟೆಗಳದು. ಗಾಳಿ ಹೇಗೋ ಮೊದಲ ಬೇಸ್ ತಲುಪಿದ. ಎದುರಾಳಿ ಕಣ್ಣು ಮಿಟುಕಿಸುವುದರೊಳಗೆ ಎರಡನೆಯದಕ್ಕೆ ಓಡಿದ.

"ಈಗ ಗಡಿಗೆ ಬ್ಯಾಟ್ ಹಿಡಿದಿದಾನೆ" ಎಂದರು ಅತ್ತೆ. "ಹೊಡೆದ... ಮೆಲ್ಲಗೆ ಹೊಡೆದ... ಚೆಂಡು ನೆಲದ ಮೇಲೆ ಉರುಳ್ತಾ ಇಬ್ಬರ ಮಧ್ಯೆ ನುಸುಳಿ ಹೋಯ್ತಂತೆ... ಗಾಳಿ ಮೂರನೇದು ದಾಟಿದ..." ಆಮೇಲೆ ಫೋನಿನಲ್ಲಿ ಮಾತು ಬರಲಿಲ್ಲ, ಚಪ್ಪಾಳೆಯ ಸದ್ದು ಮಾತ್ರ ಬಂತು.

ಅವನು ಎದ್ದು ನಿಂತು ಹಿರಿಯನನ್ನು ತಬ್ಬಿಕೊಂಡ. ಇಬ್ಬರ ಅಂಗಿಗೂ ಗ್ರೀಸು ಮೆತ್ತಿತು.

"ಕಪ್ಪು ಗೆದ್ರೇನೋ?" ಎಂದ ಹಿರಿಯ.

"ಇಲ್ಲ. ಕೊನೆಯಿಂದ ಎರಡನೇವ್ರು."

ಹಿರಿಯನಿಗೆ ತಲೆಬುಡ ತಿಳಿಯಲಿಲ್ಲ, ಆದರೂ ಅವನ ಬೆನ್ನು ತಟ್ಟಿದ. ಕೆಳಗೆ ಒಂದು ಬೋಲ್ಟು ಬಿಗಿಯುವುದು ಬಾಕಿಯಿತ್ತು. ಅವನು ಟಾರ್ಚು ತೆಗೆದುಕೊಂಡು, "ನಾನೂ ಬರ್ತೀನಿ, ನೀವು ಮುಂದೆ ಇಳೀರಿ" ಎಂದ. ಅಂಗೈ ಬೆವರಿತು. ಪ್ಯಾಂಟಿಗೆ ಒರೆಸಿಕೊಂಡು ಇಳಿದ.

ಬೇಕರಿಯವಳ ತಂಡ ಕಪ್ಪು ಗೆದ್ದಿತು. ತಾತ ಕೊನೆಯ ಪಂದ್ಯದಲ್ಲಿ ಎರಡು ಇನಿಂಗ್ಸ್ ಎಸೆದನಂತೆ. ಅದನ್ನು ತಿಳಿಸಲು ಅವಳೇ ಅತ್ತೆಗೆ ಫೋನು ಮಾಡಿದಳು.

ಆ ವಾರದ ಕೊನೆಗೆ ಅತ್ತೆ ಊರಿಗೆ ಹೊರಟರು. ಮಗಳು ಬಸ್ ನಿಲ್ದಾಣಕ್ಕೆ ಬಿಡಲು ಸಿದ್ಧವಾಗುತ್ತಿದ್ದಾಗ ಲೀಗಿನ ಮೇಷ್ಟರು ಕರೆ ಮಾಡಿದರು. ಬರುವ ಸಲಕ್ಕೆ ಹೊಸದೊಂದು ತಂಡ ಕಟ್ಟುತ್ತಿದ್ದಾರೆ, ಮ್ಯಾನೇಜರು ಬೇಕಾಗಿದೆ, ಅತ್ತೆಯವರು ಒಪ್ಪುತ್ತಾರೆಯೇ?

ಅತ್ತೆ ಅಳಿಯನನ್ನು ನೋಡಿದರು. "ನಿನ್ನ ವಿರುದ್ಧ ಆಡ್ಬೇಕಾಗುತ್ತಲ್ಲೋ?"

"ಆಡಿ ಅತ್ತೆ. ನಿಮ್ಮ ಜೊತೆ ಪಂದ್ಯ ಇದ್ದ ದಿನ ನನಗೆ ರಜೆ."

"ಬಾ, ತೋರಿಸ್ತೀನಿ" ಎನ್ನುತ್ತಾ ಅತ್ತೆ ಚಪ್ಪಲಿ ಬಿಚ್ಚಿ ಮತ್ತೆ ಒಳಗೆ ಬಂದರು. ಮಗಳು ಗಡಿಯಾರ ತೋರಿಸಿ ಬಸ್ಸು ಹೊರಡುತ್ತದೆಂದಳು.

"ನೀನು ಡ್ರೈವರ್ ತಾನೆ, ಒಂದು ನಿಮಿಷ ನಿಲ್ಸೋಕೆ ಹೇಳೇ" ಎಂದು ಅತ್ತೆ ಕಂಪ್ಯೂಟರಿನ ಮುಂದೆ ಕುಳಿತು, ಕನ್ನಡಕ ಹುಡುಕತೊಡಗಿದರು.